ಗೊಟ್ಟದಲ್ಲಿ ಎರಡು ಬೆರಳು

ಪಕ್ಕದ ಮನೆಯವರು ಮದುವೆಗೆಂದು ಮೂರು ದಿನ ಊರಿಗೆ ಹೊರಟಾಗ ತಮ್ಮ ನಾಯಿಯನ್ನು ನಮ್ಮ ಮನೆಯಲ್ಲಿ ಬಿಟ್ಟು, ಜೊತೆಗೆ ಒಂದು ಹಾಳೆ ಮಾತ್ರೆಯನ್ನೂ ಕೊಟ್ಟು ಹೋದರು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಜ್ವರವೋ ಕೆಮ್ಮೋ ಎಂದು ಕೇಳಿದೆ. "ಅದೇನೂ ಇಲ್ಲ ಅಂಕಲ್, ಇವನಿಗೆ ಸ್ವಲ್ಪ ಆಂಗ್ಸೈಟಿ. ಮಿಕ್ಸಿ ಶಬ್ದ ಕೇಳಿದ್ರೂ ಮಂಚದ ಕೆಳಗೆ ಸೇರ್ಕೋತಾನೆ. ನಿಮಗೆ ಹೇಳಿಕೊಡಬೇಕಾ, ನೀವು ಅದೇ ಡಿಪಾರ್ಟ್‌ಮೆಂಟಲ್ಲಿ ಇದ್ದೋರು" ಎಂದಳು ಆ ಮನೆಯ ಹುಡುಗಿ.

ಅದೇ ಡಿಪಾರ್ಟ್‌ಮೆಂಟು ಎನ್ನುವುದೇನೋ ನಿಜ. ದನದ ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿ ಆಯುಷ್ಯದ ಅರ್ಧ ಕಳೆದವನು ನಾನು. ಆದರೆ ಆ ಸಂಜೆ ಕಡಲೆ ಬೇಳೆಯಷ್ಟು ಮಾತ್ರೆಯನ್ನು ಅರ್ಧಕ್ಕೆ ಮುರಿಯಲು ಕನ್ನಡಕ ಹಾಕಿಕೊಂಡು, ಚಾಕು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದೆ. ಮುರಿದದ್ದರಲ್ಲಿ ಒಂದು ಚೂರು ದೊಡ್ಡದಾಯಿತು. ಅದನ್ನು ಎಸೆದು ಇನ್ನೊಂದು ಮುರಿದೆ. ನನ್ನ ಹೆಂಡತಿ ನೋಡುವಷ್ಟು ನೋಡಿ, "ಎತ್ತಿಗೆ ಗೊಟ್ಟ ಎತ್ತುವಾಗ ಇಷ್ಟು ಯೋಚನೆ ಮಾಡ್ತಿದ್ರಾ?" ಎಂದಳು. ಮಾಡುತ್ತಿರಲಿಲ್ಲ. ಮಾಡದೆ ಒಂದು ಸಲ ಏನಾಯಿತೆಂದು ಅವಳಿಗೂ ಪೂರ್ತಿ ಹೇಳಿಲ್ಲ.

ಗೊಟ್ಟ ನೋಡದವರಿಗಾಗಿ ಒಂದು ಮಾತು. ಅದು ಒಂದು ಮೊಳ ಉದ್ದದ ಬಿದಿರಿನ ತುಂಡು. ಒಂದು ತುದಿ ಗೆಣ್ಣಿನಿಂದ ಮುಚ್ಚಿರುತ್ತದೆ, ಇನ್ನೊಂದನ್ನು ಓರೆಯಾಗಿ ಕೊಯ್ದು ನಯ ಮಾಡಿರುತ್ತಾರೆ. ಎತ್ತಿನ ತಲೆಯನ್ನು ಮೇಲೆತ್ತಿ ಹಿಡಿದು, ದವಡೆಯ ಪಕ್ಕದಿಂದ ತೂರಿಸಿ, ಔಷಧಿಯನ್ನು ಗಂಟಲಿಗೆ ಸುರಿಯುವುದಕ್ಕೆ ಅದು. ನಮ್ಮ ಕಡೆ ರೈತರ ಮನೆಯಲ್ಲಿ ಕೊಟ್ಟಿಗೆಯ ಗೋಡೆಗೆ ಒಂದು ಗೊಟ್ಟ ನೇತಾಡುತ್ತಲೇ ಇರುತ್ತಿತ್ತು. ಒಗ್ಗರಣೆ ಸೌಟಿಲ್ಲದ ಮನೆ ಇದ್ದರೂ ಗೊಟ್ಟವಿಲ್ಲದ ಮನೆ ಇರಲಿಲ್ಲ.

ಆ ಕಾಲದ ನಾಯಿ ಬೆಕ್ಕುಗಳಿಗೆ ಮನಸ್ಸಿನ ಕಾಯಿಲೆ ಎಂಬುದು ಬರುತ್ತಿರಲಿಲ್ಲ. ಬಂದರೂ ಅದಕ್ಕೆ ಹೆಸರಿರಲಿಲ್ಲ. ನಾಯಿಗೆ ಇದ್ದದ್ದು ಎರಡೇ ರೋಗ, ಕಜ್ಜಿ ಮತ್ತು ಹುಚ್ಚು. ಕಜ್ಜಿಗೆ ಗಂಧಕ ಕಲಸಿದ ಎಣ್ಣೆ, ಹುಚ್ಚಿಗೆ ದೊಣ್ಣೆ. ಬೆಕ್ಕಿಗಂತೂ ಯಾವ ರೋಗವೂ ಇರಲಿಲ್ಲ, ಅದಕ್ಕೆ ಇದ್ದದ್ದು ಬರೀ ಕೆಟ್ಟ ಬುದ್ಧಿ.

ಯಳಂದೂರಿನ ನಮ್ಮ ಮನೆಯಲ್ಲಿ ಅಂಥದ್ದೊಂದು ಬೆಕ್ಕಿತ್ತು. ಯಾರಾದರೂ ನೆಂಟರು ಬಂದರೆ ಸಾಕು, ದೇವರ ಗೂಡಿನ ಮುಂದೆ ಹೋಗಿ ಉಚ್ಚೆ ಹೊಯ್ಯುತ್ತಿತ್ತು. ನೆಂಟರನ್ನು ಕಂಡರೆ ನಮಗೂ ಅಷ್ಟೇನೂ ಸಂತೋಷವಿರಲಿಲ್ಲವಾದರೂ ನಾವು ಹಾಗೆ ಮಾಡುತ್ತಿರಲಿಲ್ಲ. ನಮ್ಮಜ್ಜಿ ತಲೆಗೆ ಜಟಾಮಾಂಸಿ ಹಾಕಿ ಕಾಯಿಸಿದ ಎಣ್ಣೆ ಹಚ್ಚುವವಳು. ಹಚ್ಚಿದರೆ ಬುದ್ಧಿ ತಣ್ಣಗಾಗಿ ನಿದ್ದೆ ಬರುತ್ತದೆ ಎಂದು ಅವಳ ನಂಬಿಕೆ. ಮನುಷ್ಯರಿಗೆ ಆದದ್ದು ಬೆಕ್ಕಿಗೂ ಆಗಲಿ ಎಂದು, ಗ್ರಂಧಿಗೆ ಅಂಗಡಿಯಿಂದ ತಂದ ಜಟಾಮಾಂಸಿಯ ಬೇರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದು ಮಲಗುವ ಜಾಗದಲ್ಲಿ ಇಟ್ಟಳು. ಬೆಕ್ಕು ಮೂಸಿತು, ಕೆನ್ನೆ ಉಜ್ಜಿತು, ಅಂಗಾತ ಬಿದ್ದು ಹೊರಳಿತು, ಆಮೇಲೆ ಆ ಗಂಟನ್ನು ಕಚ್ಚಿಕೊಂಡು ಅಟ್ಟದಿಂದ ಅಟ್ಟಕ್ಕೆ ಹಾರಿ ಎರಡು ಉಪ್ಪಿನಕಾಯಿ ಜಾಡಿಗಳನ್ನು ಕೆಡವಿತು. ಆ ಬೇರಿನ ವಾಸನೆಗೆ ಬೆಕ್ಕುಗಳು ಮೈಮರೆಯುತ್ತವೆ ಎಂದು ನಾನು ತಿಳಿದದ್ದು ನೌಕರಿಗೆ ಸೇರಿದ ಎಷ್ಟೋ ವರ್ಷಗಳ ಮೇಲೆ. ಅಜ್ಜಿ ಮಾತ್ರ ಸಾಯುವವರೆಗೂ, ಆ ಬೆಕ್ಕು ತನ್ನ ತಲೆಯ ಬಳಿ ಬಂದು ಹೊರಳುವುದು ತನ್ನ ಮೇಲಿನ ಪ್ರೀತಿಗೆ ಎಂದೇ ತಿಳಿದಿದ್ದಳು. ನಮ್ಮ ಮನೆತನದಲ್ಲಿ ಔಷಧಿಯ ಅಳತೆ ತಪ್ಪುವುದು ಹೀಗೆ ಅಜ್ಜಿಯ ಕಾಲದಿಂದ ಬಂದದ್ದು.

ಅರವತ್ತರ ದಶಕದಲ್ಲಿ, ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ, ಹನೂರು ಕಡೆಯ ಒಂದು ದನದ ಆಸ್ಪತ್ರೆಗೆ ಕಾಂಪೌಂಡರ್ ಆಗಿ ಹೋದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಯಳಂದೂರಿನವರಿಗೆ ಅದು ಪರದೇಶವೇ. ನಾವು ಹಳೇ ಮೈಸೂರಿನವರು. ಕೊಳ್ಳೇಗಾಲದ ಕಡೆಯವರು ಐವತ್ತಾರರವರೆಗೆ ಮದರಾಸಿಗೆ ಸೇರಿ, ಕೊಯಮತ್ತೂರಿನ ಕಡೆ ಮುಖ ಮಾಡಿ ಕುಳಿತಿದ್ದವರು. ಹತ್ತಾರು ಮೈಲಿ ದೂರದ ಊರುಗಳು ಬೇರೆ ಬೇರೆ ರಾಜ್ಯದಲ್ಲಿದ್ದವು ಎಂದರೆ ಈಗಿನವರು ನಂಬುವುದಿಲ್ಲ. ನಾನು ಹೋದಾಗಲೂ ಆಸ್ಪತ್ರೆಯ ಗಾಜಿನ ಬೀರುವಿನಲ್ಲಿದ್ದ ಕೆಲವು ಸೀಸೆಗಳ ಮೇಲೆ ತಮಿಳು ಚೀಟಿಗಳೇ ಇದ್ದವು. ಪಾಲಾರ್ ಕಡೆಯ ಪೆರುಮಾಳ್ ಎಂಬ ವಯಸ್ಸಾದ ಅಟೆಂಡರು ಅವನ್ನು ಓದಿ ಹೇಳುತ್ತಿದ್ದ. ಡಾಕ್ಟರಿಗೆ ಎರಡು ಆಸ್ಪತ್ರೆಗಳ ಜವಾಬ್ದಾರಿ. ವಾರದಲ್ಲಿ ಎರಡು ದಿನ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನಾನೇ ಡಾಕ್ಟರು. ಹಾಗೆಂದು ಯಾರೂ ಹೇಳಿರಲಿಲ್ಲ, ನಾನು ಅಂದುಕೊಂಡಿದ್ದೆ.

ಅಲ್ಲಿಗೆ ಒಂದು ಗುರುವಾರ ಪುಟ್ಟಮಾದಮ್ಮ ಎಂಬ ಹೆಂಗಸು ತಲೆಯ ಮೇಲೆ ಮಂಕರಿ ಹೊತ್ತುಕೊಂಡು ಬಂದಳು. ನಲವತ್ತರ ಆಸುಪಾಸಿನವಳು, ಬಂಡಳ್ಳಿಯಿಂದಾಚೆ ಕಾಡಂಚಿನ ನಾಲ್ಕಾರು ಮನೆಗಳ ಒಂದು ದೊಡ್ಡಿಯವಳು. ಮಂಕರಿ ಇಳಿಸಿ ಮೇಲಿನ ಗೋಣಿ ತೆಗೆದರೆ ಒಳಗೆ ಒಂದು ಕೆಂಚು ನಾಯಿ ಮುದುಡಿಕೊಂಡು ಕೂತಿತ್ತು. ಸಂತೆಗೆ ಕೋಳಿ ತರುವುದನ್ನು ನೋಡಿದ್ದೆ. ನಾಯಿಯನ್ನು ಹೀಗೆ ಹೊತ್ತು ತಂದದ್ದನ್ನು ಪೆರುಮಾಳ್ ಕೂಡ ನೋಡಿರಲಿಲ್ಲ.

"ನಡಿಯಾಕಿಲ್ವಾ ಇದು?" ಎಂದ ಪೆರುಮಾಳ್.

"ನಡಿತದೆ ಕಣಣ್ಣ. ರೋಡ್ನಲ್ಲಿ ಬಸ್ಸು ಲಾರಿ ಸದ್ದಿಗೆ ಪಕ್ಕದ್ ಬೇಲಿ ಒಳಿಕ್ಕೆ ನುಗ್ಬುಡ್ತದೆ. ಅದ್ಕೇ ಒತ್ಕಂಡ್ ಬಂದೆ" ಎಂದಳು.

ಅದೃಷ್ಟಕ್ಕೆ ಡಾಕ್ಟರು ಬಂದಿದ್ದ ದಿನ. ಆಕೆ ನಿಂತುಕೊಂಡೇ ಎಲ್ಲ ಹೇಳಿದಳು. ನಾಲ್ಕು ತಿಂಗಳ ಹಿಂದೆ ಬೆಳಗಾಗುತ್ತಿದ್ದಂತೆ ಅವಳ ಗಂಡ ರಾಗಿ ಹೊಲಕ್ಕೆ ಹೋದಾಗ ಒಂಟಿ ಸಲಗ ತುಳಿದು ಕೊಂದಿತ್ತು. ಜೊತೆಯಲ್ಲಿದ್ದದ್ದು ಈ ಕೆಂಚ ಒಂದೇ. ಅಂದು ಓಡಿ ಬಂದು ಮನೆಯ ವಾಡೆಯ ಸಂದಿಯಲ್ಲಿ, ರಾಗಿ ತುಂಬುವ ಆ ದೊಡ್ಡ ಮಣ್ಣಿನ ಪಾತ್ರೆಯ ಹಿಂದೆ ಸೇರಿಕೊಂಡದ್ದು, ಅನ್ನ ನೀರಿಗೆ ಬಿಟ್ಟರೆ ಹೊರಗೆ ಬರುವುದಿಲ್ಲ. ಚೊಂಬು ಬಿದ್ದರೆ ನಡುಗುತ್ತದೆ. ಎರಡು ದಿನದ ಹಿಂದೆ ಅವಳ ಮೈದುನ ಮಾದೇಶ ಅದನ್ನು ಹೊಲಕ್ಕೆ ಕರೆದೊಯ್ಯಲೆಂದು ಹಿಂಗಾಲು ಹಿಡಿದು ಎಳೆದಿದ್ದ. ಕೈ ಕಚ್ಚಿಬಿಟ್ಟಿತು. ಗಾಯಕ್ಕೆ ಸುಣ್ಣ ಮೆಣಸಿನಪುಡಿ ಹಚ್ಚಿಕೊಂಡು ಅವನು ಕೊಳ್ಳೇಗಾಲಕ್ಕೆ ಓಡಿದ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಶುರುವಾಗಿತ್ತು. ಹುಚ್ಚು ಹಿಡಿದ ನಾಯಿ, ಬಡಿದು ಹಾಕುತ್ತೇನೆ ಎಂದು ಅವನು ನಿಂತಿದ್ದಾನೆ. ಡಾಕ್ಟರಿಗೆ ತೋರಿಸುವವರೆಗೆ ತಡಿ ಎಂದು ಇವಳು ಬಂದಿದ್ದಾಳೆ.

ಡಾಕ್ಟರು ನಾಯಿಯ ಮುಂದೆ ನೀರಿನ ಬಟ್ಟಲು ಇಟ್ಟರು. ಕುಡಿಯಿತು. ರೆಪ್ಪೆ ಬಿಡಿಸಿ ಕಣ್ಣು ನೋಡಿದರು, ದವಡೆ ನೋಡಿದರು, ಕಾಲು ನೋಡಿದರು. "ಹುಚ್ಚಲ್ಲಮ್ಮ ಇದು, ಹೆದರಿಕೆ. ಆದರೂ ಹತ್ತು ದಿನ ಕಟ್ಟಿ ಹಾಕಿ ನೋಡಬೇಕು. ಹುಚ್ಚಾಗಿದ್ದರೆ ಅಷ್ಟರಲ್ಲಿ ಸಾಯುತ್ತೆ. ಹತ್ತು ದಿನ ನೆಟ್ಟಗಿದ್ದರೆ ನಿನ್ನ ಮೈದುನನಿಗೂ ಏನೂ ಆಗಲ್ಲ" ಎಂದರು. ನನಗೆ ಬ್ರೋಮೈಡಿಗೆ ಸ್ವಲ್ಪ ಕ್ಲೋರಾಲ್ ಸೇರಿಸಿ ಮಿಕ್ಸ್ಚರ್ ಮಾಡಿಕೊಡಲು ಹೇಳಿದರು. ಅವು ಆಗ ಮನುಷ್ಯರಿಗೂ ನಿದ್ದೆಗೆ ಕೊಡುತ್ತಿದ್ದ ಔಷಧಿಗಳೇ. ದಿನಕ್ಕೆ ಎರಡು ಸಲ, ಒಂದೊಂದು ಚಮಚ. "ಮಕ್ಕಳ ಲೆಕ್ಕ ಹಿಡಿ, ಎತ್ತಿನ ಲೆಕ್ಕ ಬೇಡ" ಎಂದು ನನಗೆ ಎಚ್ಚರಿಕೆಯನ್ನೂ ಕೊಟ್ಟು ಮಧ್ಯಾಹ್ನದ ಬಸ್ಸು ಹಿಡಿದರು.

ಆಗ ಔಷಧಿಗೆ ಬರುವವರು ಸೀಸೆಯನ್ನು ತಾವೇ ತರಬೇಕಿತ್ತು. ಪುಟ್ಟಮಾದಮ್ಮ ಸೀಮೆಎಣ್ಣೆಯದಲ್ಲದ ಒಂದು ದೊಡ್ಡ ಸೀಸೆ ತಂದಿದ್ದಳು. ಅಷ್ಟು ದೂರದಿಂದ ನಾಯಿ ಹೊತ್ತು ಬಂದಿದ್ದಾಳೆ, ಮತ್ತೆ ಬರುವುದು ಬೇಡ ಎಂದು ನಾನು ಉದಾರವಾಗಿ ಕತ್ತಿನವರೆಗೆ ತುಂಬಿಸಿಕೊಟ್ಟೆ. ಒಂದು ಚಮಚ ಎಂದು ಹೇಳಿದೆ.

"ಚಮ್ಚ ಇಲ್ವಲ್ಲ ಸಾ ನಮ್ಮನೇಲಿ. ಗೊಟ್ಟ ಅದೆ. ಗೊಟ್ಟದಲ್ಲಿ ಅಳ್ದು ಅಂಬ್ಲಿಗ್ ಬೆರುಸ್ತೀನಿ. ಎಷ್ಟ್ ಉಯ್ಲಿ ಏಳಿ."

ಒಂದು ಚಮಚ ಕೊಡಬಹುದಿತ್ತು. ಔನ್ಸು ಗ್ಲಾಸು ತೋರಿಸಿ, ಸೀಸೆಗೆ ಕಾಗದದ ಗುರುತು ಅಂಟಿಸಬಹುದಿತ್ತು. ನಾನು ಕಲಿತದ್ದೇ ಅದು. ಆದರೆ ಹೊಸ ನೌಕರಿ, ಎದುರಿಗೆ ಪೆರುಮಾಳ್ ಬೇರೆ ನಿಂತಿದ್ದ, ಕೇಳಿದ ತಕ್ಷಣ ಉತ್ತರ ಕೊಡುವವನೇ ಬುದ್ಧಿವಂತ ಎಂದು ನನ್ನ ಎಣಿಕೆ. ಯಳಂದೂರಿನ ನಮ್ಮ ಕೊಟ್ಟಿಗೆಯ ಗೊಟ್ಟವನ್ನು ನೆನೆಸಿಕೊಂಡೆ. ಅದು ಹೆಬ್ಬೆರಳು ತೂರುವಷ್ಟು ಸಪೂರ. "ತಳದಲ್ಲಿ ಎರಡು ಬೆರಳು" ಎಂದೆ, ಎರಡು ಬೆರಳನ್ನು ಅಡ್ಡ ಹಿಡಿದು ತೋರಿಸಿದೆ. ಆಕೆಯೂ ತನ್ನ ಎರಡು ಬೆರಳನ್ನು ಹಾಗೇ ಹಿಡಿದು ನೋಡಿಕೊಂಡಳು. ಕೈ ಮುಗಿದು, ಮಂಕರಿ ಹೊತ್ತು ಹೊರಟಳು.

ಐದನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಕೈಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮೆಟ್ಟಿಲ ಮೇಲೆ ಕೂತಿದ್ದ. ಮಾದೇಶ.

"ಉಚ್ಚಲ್ಲ ಅಂದ್ರಂತೆ ನಿಮ್ ಡಾಕ್ಟ್ರು. ಬಂದ್ ನೋಡಿ ಸಾ. ಇಂದಿನ್ ಕಾಲು ಎಳ್ಕಂಡ್ ಓಗ್ತದೆ, ಜೊಲ್ಲು ಸುರುಸ್ತದೆ, ಕರುದ್ರೆ ತಿರುಗ್ ನೋಡಾಕಿಲ್ಲ. ನಮ್ಮತ್ಗೆ ಮಾತ್ರ ಕೊಡಾಕಿಲ್ಲ ಅಂತ ಅದ್ರ್ ಮುಂದೆ ಕೂತವ್ಳೆ."

ಡಾಕ್ಟರು ಬರುವುದು ಎರಡು ದಿನದ ನಂತರ. ಹಿಂಗಾಲು ಬಿದ್ದು ಜೊಲ್ಲು ಸುರಿಯುವುದು ಹುಚ್ಚಿನ ಲಕ್ಷಣವೇ. ಡಾಕ್ಟರು ತಪ್ಪಿದರು ಎಂದು ನನಗೆ ಅನ್ನಿಸಿತು. ನಾನು ತಪ್ಪಿರಬಹುದು ಎಂದು ಅನ್ನಿಸಲಿಲ್ಲ. ಪೆರುಮಾಳನಿಗೆ ಆಸ್ಪತ್ರೆ ಒಪ್ಪಿಸಿ ಮಾದೇಶನ ಜೊತೆ ಬಂಡಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದೆ. ದಾರಿಯಲ್ಲಿ ಅವನು ಒಂದು ಸಲ ಅಂಗಿ ಎತ್ತಿ, ಇಂಜೆಕ್ಷನ್ ಚುಚ್ಚಿ ಬಾತುಕೊಂಡ ಹೊಟ್ಟೆ ತೋರಿಸಿದ. "ಎಲ್ಡ್ ಮಕ್ಳವೆ ಸಾ ನಂಗೆ. ನೀರ್ ಕಂಡ್ರೆ ಎದ್ರುಕಂಡು ಸಾಯ್ತಾರಂತಲ್ಲ, ಬೆಳಗೆದ್ದು ದಿನಾ ಚೊಂಬಲ್ಲಿ ನೀರ್ ಇಟ್ಕಂಡು ನೋಡ್ತೀನಿ, ಎದ್ರುಕೆ ಆಯ್ತದಾ ಅಂತ" ಎಂದ. ಅವನು ಕೆಟ್ಟವನಲ್ಲ.

ಅಂಗಳದಲ್ಲಿ ಐದಾರು ಜನ ಗಂಡಸರು ದೊಣ್ಣೆ ಹಿಡಿದು ಬೇಲಿಗೆ ಒರಗಿ ನಿಂತಿದ್ದರು. ನಾಯಿಯನ್ನು ತೆಂಗಿನ ಹಗ್ಗದಿಂದ ಜಗಲಿಯ ಕಂಬಕ್ಕೆ ಕಟ್ಟಿದ್ದರು. ಪುಟ್ಟಮಾದಮ್ಮ ಅದರ ಮುಂದೆ ಕಾಲು ಚಾಚಿ ಕೂತಿದ್ದಳು. ನನ್ನನ್ನು ನೋಡಿ ನಾಯಿ ಎದ್ದು ನಿಲ್ಲಲು ಹೋಯಿತು, ಸೊಂಟ ಒಂದು ಕಡೆ ವಾಲಿ ಕೂತುಬಿಟ್ಟಿತು. ಕಣ್ಣುಗಳು ಮಬ್ಬಾಗಿದ್ದವು. ನಾನು ಅತ್ತ ಇತ್ತ ನೋಡಿದೆ. ಆಗ ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದ ಗೊಟ್ಟ ಕಣ್ಣಿಗೆ ಬಿತ್ತು.

ಅದು ಕಾಡಿನ ಹೆಬ್ಬಿದಿರಿನದು. ನನ್ನ ಮುಂಗೈಯಷ್ಟು ದಪ್ಪ. ಅದರ ತಳದಲ್ಲಿ ಎರಡು ಬೆರಳೆಂದರೆ ಒಂದು ಚಮಚವಲ್ಲ, ಆರೋ ಏಳೋ ಚಮಚ. ದಿನಕ್ಕೆ ಎರಡು ಸಲ. ನಾಯಿಗೆ ಹುಚ್ಚೂ ಇಲ್ಲ, ಲಕ್ವವೂ ಇಲ್ಲ. ಅದಕ್ಕೆ ಅಮಲು ಏರಿತ್ತು.

ಆ ಕ್ಷಣದಲ್ಲಿ ನಾನು ಬಾಯಿ ಬಿಟ್ಟು ಎರಡು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ತಪ್ಪು ನನ್ನದು, ಅಳತೆ ನಾನು ತಪ್ಪು ಹೇಳಿದೆ, ಔಷಧಿ ನಿಲ್ಲಿಸಿ, ನಾಯಿ ಸರಿಹೋಗುತ್ತದೆ. ಹೇಳಲಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಿಜವಾಗಿ ನೌಕರಿಯ ನೆನಪೂ ಬರಲಿಲ್ಲ ಆಗ. ದೊಣ್ಣೆ ಹಿಡಿದ ಐದಾರು ಜನರ ಮುಂದೆ ದಡ್ಡನಾಗಿ ನಿಲ್ಲಲು ಭಯವಾಯಿತು, ಅಷ್ಟೆ.

"ಉಚ್ಚೋ ಅಲ್ವೋ, ಒಂದ್ ಮಾತ್ ಏಳ್ಬುಡಿ ಸಾ" ಎಂದ ಮಾದೇಶ.

"ಡಾಕ್ಟರು ಬರಲಿ. ಎರಡು ದಿನ ಕಾಯಿರಿ" ಎಂದೆ.

"ಎಲ್ಡ್ ದಿನದೊಳ್ಗೆ ಅಗ್ಗ ಕಿತ್ಕಂಡ್ರೆ? ಮಕ್ಳು ಮರಿ ತಿರ್ಗಾಡೋ ಜಾಗ."

"ಕೆಲವು ಸಲ ಔಷಧಿಯಿಂದಲೂ ಸ್ವಲ್ಪ..." ಎಂದು ಶುರು ಮಾಡಿದೆ. ಮಾದೇಶ ನನ್ನ ಮುಖವನ್ನೇ ನೋಡುತ್ತಿದ್ದವನು ತಿರುಗಿ ಬೇಲಿಯ ಕಡೆಯವರಿಗೆ ತಲೆ ಆಡಿಸಿದ. ಅವರು ದೊಣ್ಣೆ ಎತ್ತಿಕೊಂಡರು.

ಪುಟ್ಟಮಾದಮ್ಮ ಎದ್ದಳು. ಜಗಳ ಆಡಲಿಲ್ಲ, ಅಳಲೂ ಇಲ್ಲ. ಗೂಟದಿಂದ ಗೊಟ್ಟ ತೆಗೆದುಕೊಂಡು ಒಳಗೆ ಹೋಗಿ, ಸೀಸೆಯನ್ನು ತಂದು ಎಲ್ಲರೆದುರಿಗೆ ಗೊಟ್ಟಕ್ಕೆ ಸುರಿದಳು. ಒಳಗೆ ಕಡ್ಡಿ ಇಳಿಸಿ, ನೆಂದ ತುದಿಗೆ ಎರಡು ಬೆರಳು ಅಡ್ಡ ಹಿಡಿದು ನೋಡಿ, "ನಾಯ್ಗೆ ಕೊಟ್ಟಿದ್ದು ಇಷ್ಟೇಯ" ಎಂದು ಮಾದೇಶನಿಗೆ ತೋರಿಸಿ, ಗೊಟ್ಟ ಎತ್ತಿ ಗಟಗಟನೆ ಕುಡಿದುಬಿಟ್ಟಳು. ತಡೆಯುವಷ್ಟು ಹೊತ್ತು ಯಾರಿಗೂ ಸಿಗಲಿಲ್ಲ.

"ಅತ್ಗೆ, ಏನ್ ಮಾಡ್ದೆ ನೀನು" ಎಂದ ಮಾದೇಶ.

"ಅದ್ಕೆ ಆದದ್ದು ನಂಗೂ ಆದ್ರೆ ಅದು ಔಸ್ತಿದು. ಆಗ್ದೆ ಓದ್ರೆ ನಾಯಿ ನಿಂದು, ಏನಾರ ಮಾಡ್ಕೊ. ಅಲ್ಲಿಗಂಟ ಅದ್ನ ಮುಟ್ಬ್ಯಾಡ" ಎಂದು ಹೇಳಿ ಮತ್ತೆ ಅಲ್ಲೇ ಕೂತಳು.

ಕಾದೆವು. ಅಷ್ಟು ಹೊತ್ತು ನಾನು ಜೀವಮಾನದಲ್ಲಿ ಇನ್ನಾವುದಕ್ಕೂ ಕಾದಿಲ್ಲ. ಆಕೆಗೆ ಏನೂ ಆಗದಿದ್ದರೆ ನಾಯಿ ಸಾಯುತ್ತದೆ, ಜಾಸ್ತಿಯಾದರೆ ಆಕೆಯೇ ಸಾಯುತ್ತಾಳೆ. ಮನಸ್ಸಿನಲ್ಲೇ ಔನ್ಸು ಡ್ರಾಮುಗಳ ಲೆಕ್ಕ ಹಾಕಿದೆ, ಮೂರು ಸಲ ಹಾಕಿದಾಗ ಮೂರು ಉತ್ತರ ಬಂತು. ಮಲೆಯ ಮಾದಪ್ಪನಿಗೆ ಹರಕೆ ಹೊತ್ತೆ. ಯಾರೋ ಬೀಡಿ ಹಚ್ಚಿದರು. ಅರ್ಧ ಗಂಟೆಯಾಗಿರಬೇಕು. ಆಕೆ ನೀರು ಕುಡಿಯಲೆಂದು ಎದ್ದಳು. ಬಲಗಾಲು ಇಟ್ಟದ್ದು ಎಲ್ಲಿಗೋ ಹೋಯಿತು. ಕಂಬ ಹಿಡಿದುಕೊಂಡು ನಕ್ಕಳು. "ನೋಡ್ಲಾ ಮಾದೇಸ, ಇಂದಿನ್ ಕಾಲು" ಎಂದಳು. ನಾಲಿಗೆ ತೊದಲುತ್ತಿತ್ತು. ಬಾಯಿಯ ಅಂಚಿನಲ್ಲಿ ಜೊಲ್ಲು ಇಳಿಯಿತು. ಸೆರಗಿನಿಂದ ಒರೆಸಿಕೊಳ್ಳಲು ಹೋದ ಕೈ ಕಿವಿಯನ್ನು ಒರೆಸಿತು. ಹಾಗೇ ಜಗಲಿಯ ಮೇಲೆ ನಾಯಿಯ ಪಕ್ಕದಲ್ಲಿ ಒರಗಿ ನಿದ್ದೆ ಹೋದಳು.

ಮಾದೇಶ ದೊಣ್ಣೆಯನ್ನು ಬೇಲಿಯಾಚೆ ಎಸೆದ. ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅವನು ಅತ್ತಿಗೆಯ ತಲೆಯ ಕೆಳಗೆ ಗೋಣಿ ಮಡಿಸಿಟ್ಟು, ಟವಲಿನಿಂದ ನೊಣ ಓಡಿಸುತ್ತ ಕೂತ. ನಾನು ಆಕೆಯ ನಾಡಿ ಹಿಡಿದು ಕೂತೆ, ಉಸಿರು ಎಣಿಸುತ್ತ ಕೂತೆ. ಊರಿಗೆ ಹೋಗುವ ಬಸ್ಸು ಹೋಯಿತು, ಹೋಗಲಿ ಎಂದುಕೊಂಡೆ. ಮಾದೇಶನ ಮನೆಯಲ್ಲಿ ಮುದ್ದೆ ಉಣ್ಣಲು ಕರೆದರು. ಎರಡು ತುತ್ತು ಉಂಡು ಮತ್ತೆ ಬಂದು ನಾಡಿ ಹಿಡಿದೆ. ಆಕೆ ಎದ್ದದ್ದು ಮರುದಿನ ಬಿಸಿಲು ಜಗಲಿಗೆ ಬಂದ ಮೇಲೆ. ಎದ್ದು ಎಲ್ಲರ ಮುಖ ನೋಡಿ, ಹಸು ಕರೆದಿರಾ ಎಂದು ಕೇಳಿದಳು.

ಔಷಧಿ ನಿಲ್ಲಿಸಲು ಹೇಳಿ ಬಂದೆ. ನಾಲ್ಕೈದು ದಿನದಲ್ಲಿ ನಾಯಿ ನೆಟ್ಟಗೆ ನಡೆಯಿತು. ಹತ್ತು ದಿನವೂ ಕಳೆಯಿತು. ಮಾದೇಶ ಯಾವುದಕ್ಕೂ ಇರಲಿ ಎಂದು ಹದಿನಾಲ್ಕೂ ಇಂಜೆಕ್ಷನ್ ಚುಚ್ಚಿಸಿಕೊಂಡ. ಕೆಂಚನ ಹೆದರಿಕೆ ಮಾತ್ರ ಹೋಗಲಿಲ್ಲ, ಹೊಲದ ಕಡೆ ಅದು ಮತ್ತೆ ತಲೆ ಹಾಕಲಿಲ್ಲ. ಡಾಕ್ಟರಿಗೆ, ಔಷಧಿ ಸ್ವಲ್ಪ ಹೆಚ್ಚಾಗಿತ್ತು ಸಾರ್, ಹಳ್ಳಿಯವರಲ್ಲವೆ ಎಂದು ಹೇಳಿದೆ. ಅವರು ನಕ್ಕರು. ನಾನೂ ನಕ್ಕೆ. ಈಗ ಬರೆಯುವಾಗಲೂ ಆ ನಗುವಿಗೆ ನಾಚಿಕೆಯಾಗುತ್ತದೆ.

ತಿಂಗಳಾದ ಮೇಲೆ ಪುಟ್ಟಮಾದಮ್ಮ ಆಸ್ಪತ್ರೆಗೆ ಬಂದಳು. ಜೊತೆಯಲ್ಲಿ ನಾಯಿ ಇರಲಿಲ್ಲ. ಕೈಯಲ್ಲಿ ತೊಳೆದ ಸೀಸೆ ಇತ್ತು.

"ಕೆಂಚ ಹೇಗಿದೆ?" ಎಂದೆ.

"ಚೆಂದಾಗದೆ ಸಾ. ಆ ಔಸ್ತಿ ಇನ್ನೊಂದ್ ಸೀಸೆ ಬೇಕಾಗಿತ್ತು."

"ನಾಯಿಗೆ ಇನ್ನು ಬೇಡಮ್ಮ ಅದು."

"ನಾಯ್ಗಲ್ಲ." ಸುತ್ತ ನೋಡಿದಳು. ಪೆರುಮಾಳ್ ಹಿತ್ತಲಲ್ಲಿದ್ದ. "ಅವ್ರು ಓದ್ಮ್ಯಾಕೆ ನಾನು ನಿದ್ದೆ ಅಂತ ಮಾಡುದ್ದು ಅದೊಂದೇ ದಿನ ಕಣ್ ಸಾ. ರೆಪ್ಪೆ ಮುಚ್ಚುದ್ರೆ ಆನೆ ಉಸ್ರು ಕೇಳ್ತದೆ. ಎದ್ದು ಎದ್ದು ಬಾಗ್ಲು ನೋಡ್ತೀನಿ."

ಇದು ದನಗಳ ಆಸ್ಪತ್ರೆ, ಇಲ್ಲಿ ನಿಮಗೆ ಔಷಧಿ ಕೊಡಲು ಬರುವುದಿಲ್ಲ, ಕೊಳ್ಳೇಗಾಲದಲ್ಲಿ ಮನುಷ್ಯರ ಡಾಕ್ಟರಿಗೆ ಹೇಳಿ ಎಂದೆ.

"ಏನಂತ ಏಳ್ಳಿ? ನಾಯಿ ಎದ್ರುಕಂಡದೆ ಅಂದ್ರೆ ಯಾರೂ ಏನೂ ಅನ್ನಾಕಿಲ್ಲ. ಒಬ್ಳೇ ಒಲ ಮಾಡೋ ಎಂಗ್ಸು, ನಾನು ಎದ್ರುಕಂಡಿವ್ನಿ ಅಂತ ಯಾರ್ ಮುಂದೆ ಅನ್ಲಿ?"

ಆ ಗುರುವಾರ, ನಾಲ್ಕು ತಿಂಗಳಿನಿಂದ ನಿದ್ದೆಗೆಟ್ಟ ಹೆಂಗಸು ಎದುರಿಗೆ ನಿಂತಿದ್ದಾಗ ನಾವು ಡಾಕ್ಟರೂ ಕಾಂಪೌಂಡರೂ ಸೇರಿ ಮಂಕರಿಯೊಳಗಿನ ನಾಯಿಯ ಕಣ್ಣು ರೆಪ್ಪೆ ಬಿಡಿಸಿ ನೋಡಿದ್ದೆವು. ಪೆರುಮಾಳನನ್ನು ಕರೆದು ಬೀಗದ ಕೈ ಕೊಟ್ಟು, ಆಕೆಯ ಜೊತೆ ಕೊಳ್ಳೇಗಾಲದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ, ಆಕೆ ಕಿಟಕಿಯ ಕಡೆ ತಿರುಗಿದ್ದಾಗ, ಹೇಳಿದೆ. "ಅವತ್ತು ತಪ್ಪು ನನ್ನದಮ್ಮ. ಅಳತೆ ನಾನೇ ತಪ್ಪು ಹೇಳಿದ್ದೆ. ನಿಮ್ಮ ಗೊಟ್ಟ ನೋಡಿದ ತಕ್ಷಣ ಗೊತ್ತಾಯ್ತು. ಆದರೂ ಬಾಯಿ ಬಿಡಲಿಲ್ಲ."

"ಗೊತ್ತಿತ್ತು ಕಣ್ ಸಾ" ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ. "ನೀವು ಗೊಟ್ಟ ನೋಡಿದ್ದ ನಾನು ನೋಡ್ದೆ. ಅದ್ಕೇಯ ಕುಡ್ದಿದ್ದು. ನೀವೂ ಎದ್ರುಕಂಡಿದ್ರಿ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಉದ್ದದ ಸಾಲಿತ್ತು. ನಮ್ಮ ಸರದಿ ಬಂದಾಗ ಡಾಕ್ಟರು ಬರೆಯುತ್ತಲೇ, "ಏನಮ್ಮ ತೊಂದರೆ?" ಎಂದರು. ಹಿಂದೆ ಹತ್ತು ಹದಿನೈದು ಜನ ಕಿವಿ ನಿಮಿರಿಸಿಕೊಂಡು ನಿಂತಿದ್ದರು. ನಾನು ಹೇಳಲೆಂದು ಬಾಯಿ ತೆರೆದೆ. ಪುಟ್ಟಮಾದಮ್ಮ ಕೈ ಅಡ್ಡ ಹಿಡಿದು ನನ್ನನ್ನು ಸುಮ್ಮನಿರಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದೆ ಹೋಗಿ, "ನಾನು ಎದ್ರುಕಂಡ್ಬುಟ್ಟಿವ್ನಿ ಸಾ" ಎಂದಳು.